ಗನ್ ಶೋದಲ್ಲಿ ಸಿಡುಕುವ ವ್ಯಾಪಾರಿಯೊಡನೆ ವ್ಯವಹರಿಸುವ ಬಗೆ

ಅಮೆರಿಕದ ಗನ್ ಶೋಗಳಲ್ಲಿ, ಎಂದರೆ ಕೋವಿಗಳನ್ನು ಮೇಜುಗಳ ಮೇಲಿಟ್ಟು ಮಾರುವ ಮೇಳಗಳಲ್ಲಿ, ಮೇಜಿನ ಆಚೆ ಕುಳಿತ ವ್ಯಾಪಾರಿ ಸಿಡುಕಿದಾಗ, ಮರುಮಾತಾಡುವ ಮೊದಲು ಆ ಸಿಡುಕು ಎಲ್ಲಿಂದ ಹುಟ್ಟಿತೆಂಬುದನ್ನು ಗುರುತಿಸಿಕೊಳ್ಳಬೇಕು. ಒರಟುತನವೆಂದು ನಾವು ಬಗೆಯುವುದರಲ್ಲಿ ಸಾಕಷ್ಟು ಪಾಲು ಅವನಿಗಿರುವ ಕಾನೂನಿನ ಅಂಜಿಕೆ. ಇನ್ನಷ್ಟು ಪಾಲಿಗೆ ನಮ್ಮ ಕೈಗಳೇ ಕಾರಣ.

ಕೇಳದೆ ಕೋವಿಯನ್ನು ಎತ್ತಿಕೊಳ್ಳುವುದು, ನಳಿಗೆಯನ್ನು ಪಕ್ಕದವರತ್ತ ತಿರುಗಿಸುವುದು, ಟ್ರಿಗರ್ ಮೇಲೆ ಬೆರಳಿಡುವುದು, ಇವುಗಳಲ್ಲಿ ಯಾವುದೊಂದನ್ನು ಮಾಡಿದರೂ ಬೈಗುಳ ತಪ್ಪಿದ್ದಲ್ಲ, ಮತ್ತು ಅದು ನ್ಯಾಯವಾದ ಬೈಗುಳವೇ. ಗುಂಡಿಲ್ಲದ ಕೋವಿಯ ಟ್ರಿಗರ್ ಎಳೆದು 'ಟಕ್' ಎನ್ನಿಸುವುದರಿಂದ ಹಳೆಯ ಕೋವಿಗಳ ಒಳಭಾಗಗಳಿಗೆ ಪೆಟ್ಟಾಗಬಹುದು. ಬೆವರುಗೈಯ ಉಪ್ಪು ಉಕ್ಕಿನ ಮೇಲೆ ಉಳಿದರೆ ತುಕ್ಕು ಹಿಡಿಯುತ್ತದೆ. ದಿನವಿಡೀ ನೂರಾರು ಜನ ಮುಟ್ಟಿದ್ದನ್ನು ಮತ್ತೆ ಮತ್ತೆ ಒರೆಸುತ್ತ ಕುಳಿತವನ ಮುಖ ಗಂಟಿಕ್ಕಿದ್ದರೆ ಅಚ್ಚರಿಯೇನಿಲ್ಲ. "ಇದನ್ನು ಎತ್ತಿ ನೋಡಬಹುದೇ?" ಎಂದು ಮೊದಲೇ ಕೇಳಿ, ಕೈಗೆ ಬಂದೊಡನೆ ಅದು ಖಾಲಿಯಿದೆಯೇ ಎಂದು ಅವರೆದುರೇ ಪರೀಕ್ಷಿಸಿದರೆ, ಆ ಗಂಟು ತಾನಾಗಿ ಸಡಿಲವಾಗುವುದನ್ನು ಕಾಣಬಹುದು.

ಸಿಡುಕಿನ ಎರಡನೆಯ ಮೂಲವೆಂದರೆ ಕಾನೂನು. ಪರವಾನಗಿಯುಳ್ಳ ವ್ಯಾಪಾರಿಯು ಮೇಳದಲ್ಲಿ ಮಾರುವಾಗಲೂ, ಅಂಗಡಿಯಲ್ಲಿ ಮಾಡುವಂತೆಯೇ, ಕೋವಿ ಕೊಳ್ಳುವವರಿಂದ 4473ನೆಯ ಸರ್ಕಾರಿ ನಮೂನೆಯನ್ನು ತುಂಬಿಸಿ, ಅವರ ಹಿನ್ನೆಲೆಯನ್ನು ಪರಿಶೀಲಿಸಲೇಬೇಕು. ಇದಕ್ಕಾಗಿ ಇರುವ ಒಕ್ಕೂಟ ಸರ್ಕಾರದ ವ್ಯವಸ್ಥೆ 1998ರ ನವೆಂಬರಿನಲ್ಲಿ ಆರಂಭವಾಯಿತು. ಅವನು ಪಿಸ್ತೂಲನ್ನು 21 ವರ್ಷ ತುಂಬದವರಿಗೆ ಮಾರುವಂತಿಲ್ಲ, ಬೇರೆ ರಾಜ್ಯದ ನಿವಾಸಿಗೆ ಅಲ್ಲಿಯೇ ಒಪ್ಪಿಸುವಂತಿಲ್ಲ. ಗೆಳೆಯ ಆರಿಸಿ ಹಣ ಕೊಟ್ಟು, ಮತ್ತೊಬ್ಬ ತನಗಾಗಿಯೇ ಕೊಳ್ಳುವವನಂತೆ ನಮೂನೆಗೆ ಸಹಿ ಹಾಕುತ್ತಿರುವಂತೆ ತೋರಿದರೆ ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ; ಈ ವಿಷಯದಲ್ಲಿ ತಮಾಷೆಗೂ ಮಾತಾಡಬಾರದು.

ಅಮೆರಿಕದಲ್ಲಿರುವ ಕನ್ನಡಿಗರು ಇಲ್ಲೊಂದು ಸಂಗತಿಯನ್ನು ವಿಶೇಷವಾಗಿ ನೆನಪಿಡಬೇಕು. ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೋವಿಯನ್ನು ಹೊಂದುವುದೇ ಅಪರಾಧ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆಯಿಲ್ಲ. ಆದ್ದರಿಂದ "ನೀವು ಈ ದೇಶದ ಪ್ರಜೆಯೇ?" ಎಂಬ ಪ್ರಶ್ನೆಯನ್ನೇ ಅವಮಾನವೆಂದು ತಿಳಿಯಬೇಕಾಗಿಲ್ಲ, ಏಕೆಂದರೆ ನಮೂನೆಯೇ ಅದನ್ನು ಕೇಳುತ್ತದೆ. ಬಣ್ಣವನ್ನೋ ಉಚ್ಚಾರಣೆಯನ್ನೋ ಆಡಿಕೊಂಡರೆ ಮಾತ್ರ ಅದು ಬೇರೆಯೇ ವಿಷಯ.

ಚೌಕಾಸಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಮ್ಮ ಸಂತೆಯಲ್ಲಿ ಅರ್ಧ ಬೆಲೆಗೆ ಕೇಳಿ ಶುರುಮಾಡುವ ರೂಢಿ ಅಲ್ಲಿ ನಡೆಯುವುದಿಲ್ಲ. ಮೊಬೈಲಿನಲ್ಲಿ ಬೇರೆಡೆಯ ಬೆಲೆಯನ್ನು ತೋರಿಸುವುದಂತೂ ಜಗಳಕ್ಕೆ ಕರೆದಂತೆ. ನಗದಿಗೆ ಎಷ್ಟಕ್ಕೆ ಕೊಡುತ್ತೀರೆಂದು ಮೆಲ್ಲಗೆ ಕೇಳಬಹುದು. ಸರಕನ್ನು ಮರಳಿ ಹೊರುವ ಚಿಂತೆ ಹತ್ತಿರವಾಗುವ ಭಾನುವಾರದ ಮಧ್ಯಾಹ್ನ ಇದಕ್ಕೆ ಒಳ್ಳೆಯ ಹೊತ್ತು.

ಇಷ್ಟೆಲ್ಲ ಪಾಲಿಸಿದ ಮೇಲೂ ಕಾರಣವಿಲ್ಲದೆ ದಬಾಯಿಸುವವರು ಇದ್ದೇ ಇರುತ್ತಾರೆ. ಅಂಥವರಿಗೆ ಸಭ್ಯತೆಯನ್ನು ಕಲಿಸುವ ಹೊಣೆ ಗಿರಾಕಿಯದಲ್ಲ. ಓಕ್ಲಹೋಮಾದ ಟಲ್ಸಾದಲ್ಲಿ ನಡೆಯುವ ದೊಡ್ಡ ಮೇಳದಲ್ಲಿ ಮೇಜುಗಳೇ ಸಾವಿರಾರು. ಒಬ್ಬನ ಮುನಿಸಿಗೆ ಅಲ್ಲಿ ಬೆಲೆಯೇನಿದೆ? ಕೋವಿಯನ್ನು ನಳಿಗೆ ಯಾರತ್ತಲೂ ತಿರುಗದಂತೆ ಇದ್ದಲ್ಲಿಯೇ ಇಟ್ಟು, ಒಂದು ಮಾತೂ ಆಡದೆ ಮುಂದೆ ಸಾಗಬೇಕು. ಹೀಯಾಳಿಕೆ ಅತಿಯಾಗಿದ್ದರೆ ಮೇಜಿನ ಸಂಖ್ಯೆಯನ್ನೂ ಹೊತ್ತನ್ನೂ ಬರೆದುಕೊಂಡು, ಸಭಾಂಗಣವನ್ನು ಬಿಡುವ ಮುನ್ನವೇ ಸಂಘಟಕರಿಗೆ ತಿಳಿಸುವುದು ಲೇಸು, ಏಕೆಂದರೆ ಮುಂದಿನ ಮೇಳದಲ್ಲಿ ಅವನಿಗೆ ಮೇಜು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ.