ಚಿಕ್ಕ ಜಾಗದಲ್ಲಿ ಸಿಎಚ್ 701 ಏರಿಸುವುದು, ಇಳಿಸುವುದು ಹೇಗೆ

ಝೆನಿತ್ ಸಿಎಚ್ 701 ಅನ್ನುವ ಇಬ್ಬರು ಕೂರುವ ಪುಟ್ಟ ವಿಮಾನದ ಬಗ್ಗೆ ಎಲ್ಲರೂ ಮೊದಲು ಹೇಳುವುದು ಒಂದೇ ಮಾತು: ಸುಮಾರು 30 ಮೀಟರ್ ಓಡಿದರೆ ಸಾಕು, ಎದ್ದುಬಿಡುತ್ತದೆ. ನಿಜ, ಏಳುತ್ತದೆ. ಆದರೆ ಅದು ಸಮುದ್ರಮಟ್ಟದಲ್ಲಿ, ತಂಪು ಹವೆಯಲ್ಲಿ, ಗಟ್ಟಿ ನೆಲದ ಮೇಲೆ, 100 ಎಚ್‌ಪಿ ಎಂಜಿನ್ ಇದ್ದಾಗಿನ ಲೆಕ್ಕ. ನಿಮ್ಮ ಜಾಗದಲ್ಲಿ, ನಿಮ್ಮ ತೂಕಕ್ಕೆ, ಇವತ್ತಿನ ಬಿಸಿಲಿಗೆ ಎಷ್ಟು ಬೇಕು ಅನ್ನುವುದನ್ನು ನೀವೇ ಲೆಕ್ಕ ಹಾಕಬೇಕು. ಲೈಸೆನ್ಸ್ ಇದ್ದವರಿಗೆ, ಕಲಿಯುತ್ತಿರುವವರಿಗೆ ಅಂತ ಇದನ್ನು ಬರೆದಿದ್ದೇನೆ. ಮೊದಲ ಸಲ ಮಾಡುವಾಗ ಈ ವಿಮಾನ ಚೆನ್ನಾಗಿ ಗೊತ್ತಿರುವ ಇನ್‌ಸ್ಟ್ರಕ್ಟರ್ ಪಕ್ಕದ ಸೀಟಿನಲ್ಲಿ ಇರಲೇಬೇಕು.

ಇದು ಕ್ರಿಸ್ ಹೈಂಟ್ಜ್ ಅವರು 1986ರಲ್ಲಿ ರೂಪಿಸಿದ ವಿಮಾನ. ನಮ್ಮ ಎನ್‌ಸಿಸಿ ಏರ್ ವಿಂಗ್ ಕೆಡೆಟ್‌ಗಳು ಹಾರಿಸಿದ ಝೆನ್ ಏರ್ ಕೂಡ ಇದೇ. ರೆಕ್ಕೆಯ ಮುಂಭಾಗಕ್ಕೆ ಉದ್ದಕ್ಕೂ ಸ್ಲ್ಯಾಟ್ ಇದೆ, ಅಂದರೆ ಸ್ವಲ್ಪ ಸಂದು ಬಿಟ್ಟು, ಅಲ್ಲಾಡದ ಹಾಗೆ ಖಾಯಂ ಕೂರಿಸಿದ ಪಟ್ಟಿ. ಮೂಗು ಎತ್ತಿದಾಗ ಕೆಳಗಿನ ಗಾಳಿ ಆ ಸಂದಿನಲ್ಲಿ ನುಗ್ಗಿ ರೆಕ್ಕೆಯ ಮೇಲ್ಭಾಗಕ್ಕೆ ಅಂಟಿಕೊಂಡೇ ಹರಿಯುತ್ತದೆ. ಸಾಮಾನ್ಯ ರೆಕ್ಕೆ 15 ಡಿಗ್ರಿ ಆಸುಪಾಸಿನಲ್ಲಿ ಕೈಕೊಟ್ಟರೆ ಇದು 30 ಡಿಗ್ರಿ ತನಕ ತಡೆಯುತ್ತದೆ. ಹಿಂದೆ ಉದ್ದಕ್ಕೂ ಫ್ಲಾಪರಾನ್ ಇದೆ, ಅಂದರೆ ನಿಧಾನ ವೇಗದಲ್ಲೂ ಎತ್ತಿ ಹಿಡಿಯುವ ಫ್ಲಾಪ್ ಮತ್ತು ಪಕ್ಕಕ್ಕೆ ವಾಲಿಸುವ ಏಲರಾನ್ ಎರಡರ ಕೆಲಸವನ್ನೂ ಅದೊಂದೇ ಮಾಡುತ್ತದೆ. ಇದರಿಂದಾಗಿ ಸ್ಟಾಲ್ ವೇಗ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ಎತ್ತಿ ಹಿಡಿಯಲಾಗದ ವೇಗ, ಗಂಟೆಗೆ 48 ಕಿ.ಮೀ.ಗೆ ಇಳಿದಿದೆ. ಆದರೆ ಇಷ್ಟೆಲ್ಲ ಕಟ್ಟಿಕೊಂಡ ರೆಕ್ಕೆಗೆ ಗಾಳಿಯ ಎಳೆತವೂ ಜಾಸ್ತಿ. ಎಂಜಿನ್ ಎಳೆಯುವುದು ನಿಲ್ಲಿಸಿದ ಕ್ಷಣ ವೇಗ ಕುಸಿಯುತ್ತದೆ. ಈ ಒಂದು ಗುಣ ನೆನಪಿರಲಿ, ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಮೊದಲು ತೂಕ. ಖಾಲಿ ವಿಮಾನ ಸುಮಾರು 263 ಕೆ.ಜಿ., ಗರಿಷ್ಠ 500. ಉಳಿಯುವುದು 237. ತಲಾ 85 ಕೆ.ಜಿ.ಯ ಇಬ್ಬರು ಕೂತರೆ 170 ಹೋಯಿತು. 75 ಲೀಟರ್ ಪೆಟ್ರೋಲ್ ಅಂದರೆ 54 ಕೆ.ಜಿ. ಕೊನೆಗೆ ಬ್ಯಾಗು, ಟೂಲು, ನೀರಿಗೆಲ್ಲ ಸೇರಿ 13 ಕೆ.ಜಿ. ಅಷ್ಟೇ. ಚಿಕ್ಕ ಸ್ಟ್ರಿಪ್‌ಗೆ (ವಿಮಾನ ಏರಿಳಿಯುವ ಜಾಗಕ್ಕೆ) ಹೋಗುವಾಗ ಟ್ಯಾಂಕ್ ಪೂರ್ತಿ ತುಂಬಿಸಬೇಡಿ. ಹೋಗಿ ಬರಲು ಬೇಕಾದಷ್ಟು, ಅದರ ಮೇಲೆ ನಿಯಮದ ರಿಸರ್ವ್, ಸಾಕು.

ಆಮೇಲೆ ಎತ್ತರ ಮತ್ತು ಬಿಸಿಲು. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಆ ಎತ್ತರಕ್ಕೆ ಪ್ರಮಾಣಿತ ತಾಪಮಾನ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಇದ್ದರೆ 25 ಡಿಗ್ರಿ ಹೆಚ್ಚಾಯಿತು. ಒಂದೊಂದು ಡಿಗ್ರಿಗೂ ಸುಮಾರು 120 ಅಡಿ ಸೇರಿಸಿ, ಇನ್ನೊಂದು 3000 ಅಡಿ ಆಗುತ್ತದೆ. ಅಂದರೆ ನೀವು ನಿಂತಿರುವುದು ಜಕ್ಕೂರಿನಲ್ಲಾದರೂ ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರಕ್ಕೂ ಸಿಗುವುದು 6000 ಅಡಿ ಮೇಲಿನ ತೆಳು ಗಾಳಿ. ಬೆಳಿಗ್ಗೆ ಆರೂವರೆಗೆ ಹೊರಟರೆ ಈ ತೊಂದರೆಯ ಬಹುಪಾಲು ಇರುವುದೇ ಇಲ್ಲ.

ಗಾಳಿಯ ಲೆಕ್ಕವನ್ನು ತುಂಬಾ ಜನ ಹಗುರವಾಗಿ ತಗೊಳ್ಳುತ್ತಾರೆ. ಇಷ್ಟು ನಿಧಾನದ ವಿಮಾನಕ್ಕೆ ಅದೇ ದೊಡ್ಡದು. 50 ಕಿ.ಮೀ. ವೇಗದಲ್ಲಿ ಏಳುವ ವಿಮಾನಕ್ಕೆ ಎದುರಿನಿಂದ 20 ಕಿ.ಮೀ. ಗಾಳಿ ಇದ್ದರೆ ನೆಲದ ಮೇಲೆ 30 ಮುಟ್ಟಿದರೆ ಸಾಕು. ಓಟದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಅದು ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಅದೇ ಹಿಂದಿನಿಂದ ಬರೀ 10 ಕಿ.ಮೀ. ಗಾಳಿ ಬಂದರೆ ಓಟ ಶೇ. 44ರಷ್ಟು ಉದ್ದವಾಗುತ್ತದೆ. ಒಂದೇ ಕಡೆಯಿಂದ ಇಳಿಯಬಹುದಾದ ಸ್ಟ್ರಿಪ್‌ನಲ್ಲಿ ಹಿಂಗಾಳಿ ಇದ್ದರೆ ವಾಪಸ್ ಹೋಗಿ, ವಾದ ಬೇಡ.

ರೋಟ್ಯಾಕ್ಸ್ 912 ಎಂಜಿನ್ ಇದ್ದರೆ ಇಗ್ನಿಷನ್ ಆಫ್ ಇದೆ ಅಂತ ಖಾತ್ರಿ ಮಾಡಿಕೊಂಡು, ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿಗೇ ಕೈಯಿಂದ ತಿರುಗಿಸಿ. ಆಯಿಲ್ ಟ್ಯಾಂಕಿನಲ್ಲಿ ಗುಳುಗುಳು ಸದ್ದು ಬಂದ ಮೇಲೆಯೇ ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ನೋಡಬೇಕು, ಇಲ್ಲವಾದರೆ ಸಿಗುವುದು ಸುಳ್ಳು ಮಟ್ಟ. ಆಯಿಲ್ 50 ಡಿಗ್ರಿಗೆ ಬಿಸಿಯಾಗುವ ತನಕ ಕಾಯಿರಿ. 4000 ಆರ್‌ಪಿಎಂನಲ್ಲಿ ಎರಡೂ ಇಗ್ನಿಷನ್ ಪರೀಕ್ಷಿಸಿ.

ಈಗ ಟೇಕಾಫ್. ಸ್ಟ್ರಿಪ್ ಶುರುವಾಗುವ ಕಡೆಯೇ ನಿಲ್ಲಿ, ಹಿಂದೆ ಒಂದು ಮೀಟರೂ ಬಿಡಬೇಡಿ. ಬ್ರೇಕ್ ಹಿಡಿದು ಪೂರ್ತಿ ಪವರ್ ಕೊಡಿ, ಆರ್‌ಪಿಎಂ ಸರಿಯಾಗಿ ಬಂದಿದೆಯಾ ನೋಡಿ, ಬ್ರೇಕ್ ಬಿಡಿ. ಸ್ಟಿಕ್ (ಮೂಗು ಎತ್ತಿ ಇಳಿಸುವ ಹಿಡಿ) ಹಿಂದಕ್ಕೆಳೆದರೆ ಮುಂದಿನ ಚಕ್ರ ಬೇಗ ಹಗುರವಾಗುತ್ತದೆ, ಆಗ ಸ್ವಲ್ಪ ಸಡಿಲಿಸಿ, ಬಾಲ ನೆಲಕ್ಕೆ ತಾಗಬಾರದು. ವಿಮಾನ ತಾನಾಗಿಯೇ ಏಳುತ್ತದೆ.

ಎದ್ದ ತಕ್ಷಣ ಮೂಗು ಆಕಾಶಕ್ಕೆ ಹಿಡಿಯುವ ಆಸೆ ಆಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮೂಗು ತಗ್ಗಿಸಿ, ನೆಲದಿಂದ ಒಂದೆರಡು ಮೀಟರ್ ಮೇಲೇ ಹಾರುತ್ತಾ ವೇಗ ಕೂಡಿಸಿಕೊಳ್ಳಿ. ನೆಲಕ್ಕೆ ಹತ್ತಿರ ಇದ್ದಾಗ ಎಳೆತ ಕಡಿಮೆ, ವೇಗ ಬೇಗ ಏರುತ್ತದೆ. ಮ್ಯಾನ್ಯುಯಲ್ ಹೇಳುವ ಕ್ಲೈಂಬ್ ವೇಗ ಬಂದ ಮೇಲೆ ಏರಿ. ಸ್ಟಾಲ್ ಅಂಚಿನಲ್ಲಿ ಮೂಗೆತ್ತಿ ಏರುವಾಗ 50 ಅಡಿಯಲ್ಲಿ ಎಂಜಿನ್ ನಿಂತರೆ, ಮೂಗು ಇಳಿಸಿ ವೇಗ ಗಳಿಸುವಷ್ಟು ಎತ್ತರವೇ ಉಳಿದಿರುವುದಿಲ್ಲ. ಸ್ಟ್ರಿಪ್ ಕೊನೆಯಲ್ಲಿ ತೆಂಗಿನ ಮರ ಇದ್ದು, ಈ ಕ್ರಮದಲ್ಲಿ ಅದನ್ನು ದಾಟಲು ಆಗಲ್ಲ ಅಂತಾದರೆ ಆ ಸ್ಟ್ರಿಪ್ ಇವತ್ತಿಗೆ ಬೇಡ.

ಇಳಿಯುವುದು ಇನ್ನೂ ಸೂಕ್ಷ್ಮ. ಮೊದಲು ಸಾಕಷ್ಟು ಎತ್ತರದಲ್ಲಿ, ಇನ್‌ಸ್ಟ್ರಕ್ಟರ್ ಜೊತೆ, ಫ್ಲಾಪ್ ಹಾಕಿ ನಿಧಾನವಾಗಿ ಹಾರಿ, ನಿಮ್ಮ ವಿಮಾನ ಎಲ್ಲಿ ಸ್ಟಾಲ್ ಆಗುತ್ತದೆ, ಅದಕ್ಕೆ ಮುಂಚೆ ಸ್ಟಿಕ್ ಹೇಗೆ ಅನಿಸುತ್ತದೆ ಅಂತ ತಿಳಿದುಕೊಳ್ಳಿ. ಮೂಗು ತುಂಬಾ ಮೇಲಿದ್ದಾಗ ವೇಗದ ಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಅಲ್ಲಿ ಕಂಡ ಅಂಕಿಯನ್ನು 1.3ರಿಂದ ಗುಣಿಸಿ ಅದೇ ಅಪ್ರೋಚ್ ವೇಗ (ಇಳಿಯಲು ನೆಲದತ್ತ ಬರುವಾಗಿನ ವೇಗ) ಅಂತ ಇಟ್ಟುಕೊಳ್ಳಬೇಡಿ. ಮ್ಯಾನ್ಯುಯಲ್ ಕೊಟ್ಟ ವೇಗದಿಂದ ಶುರು ಮಾಡಿ.

ಅಪ್ರೋಚ್‌ನಲ್ಲಿ ಪವರ್ ಇರಲೇಬೇಕು. ವೇಗವನ್ನು ಸ್ಟಿಕ್‌ನಿಂದ, ಇಳಿಯುವ ದರವನ್ನು ಎಂಜಿನ್ ಪವರ್ ಹೆಚ್ಚುಕಡಿಮೆ ಮಾಡುವ ಥ್ರಾಟಲ್‌ನಿಂದ ನೋಡಿಕೊಳ್ಳಿ. ಮುಟ್ಟಬೇಕಾದ ಜಾಗ ಗಾಜಿನಲ್ಲಿ ಮೇಲಕ್ಕೂ ಕೆಳಕ್ಕೂ ಸರಿಯದೆ ಒಂದೇ ಕಡೆ ನಿಂತಿರಬೇಕು. ಅದು ಮೇಲಕ್ಕೆ ಸರಿದರೆ ನೀವು ಮುಂಚೆಯೇ ಬೀಳುತ್ತೀರಿ ಅಂತ ಅರ್ಥ, ಆಗ ಪವರ್ ಕೊಡಿ. ಮೂಗೆತ್ತಿ ಸರಿಮಾಡಲು ಹೋದರೆ ಎಳೆತ ಇನ್ನೂ ಹೆಚ್ಚಾಗಿ ಇನ್ನೂ ಬೇಗ ಕೆಳಗಿಳಿಯುತ್ತೀರಿ. ಹಾಗಂತ ಭಯಕ್ಕೆ ವೇಗ ಸೇರಿಸಿದರೂ ಕಷ್ಟ: ಗಂಟೆಗೆ 62 ಕಿ.ಮೀ. ಬದಲು 75ರಲ್ಲಿ ಮುಟ್ಟಿದರೆ ಓಟ ಸುಮಾರು ಒಂದೂವರೆ ಪಟ್ಟು ಆಗುತ್ತದೆ.

ನೆಲದ ಹತ್ತಿರ ಬಂದು ಮೂಗೆತ್ತಿ ಸಮ ಮಾಡುವಾಗಲೂ ಸ್ವಲ್ಪ ಪವರ್ ಉಳಿಸಿಕೊಳ್ಳಿ. ಎರಡು ಮೀಟರ್ ಮೇಲೆಯೇ ಥ್ರಾಟಲ್ ಮುಚ್ಚಿದರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಹಿಂದಿನ ಎರಡು ಚಕ್ರ ಮುಟ್ಟಿದ ಮೇಲೆ ಪವರ್ ಪೂರ್ತಿ ತೆಗೆದು, ಫ್ಲಾಪ್ ಮೇಲೆತ್ತಿ, ಸ್ಟಿಕ್ ಹಿಂದೆ ಹಿಡಿದೇ ಬ್ರೇಕ್ ಒತ್ತಿ. ಫ್ಲಾಪ್ ಎತ್ತಿದರೆ ಭಾರ ರೆಕ್ಕೆಯಿಂದ ಚಕ್ರಕ್ಕೆ ಬರುತ್ತದೆ, ಬ್ರೇಕ್ ಹಿಡಿಯುತ್ತದೆ. ಮುಂದಿನ ಚಕ್ರಕ್ಕೆ ಏಟು ಬೀಳಬಾರದು.

ಇನ್ನೊಂದು ವಿಷಯ, ಇಳಿಯುವ ಮುಂಚೆಯೇ ಯೋಚಿಸಬೇಕಾದದ್ದು. ಮೆತ್ತನೆಯ ಮಣ್ಣು, ಉದ್ದ ಹುಲ್ಲು ಇಳಿಯುವಾಗ ನಿಲ್ಲಿಸಲು ನೆರವಾಗುತ್ತವೆ, ಹೊರಡುವಾಗ ಅವೇ ಹಿಡಿದೆಳೆಯುತ್ತವೆ. ಹಾಗಾಗಿ ಟೇಕಾಫ್ ಲೆಕ್ಕ ಮುಗಿಯದೆ ಲ್ಯಾಂಡಿಂಗ್ ಬೇಡ. ಈಗಾಗಲೇ ಇಳಿದು ಸಿಕ್ಕಿಹಾಕಿಕೊಂಡಿದ್ದರೆ ಜೊತೆಗಿದ್ದವರನ್ನು ರಸ್ತೆಯಲ್ಲಿ ಕಳಿಸಿ. 500 ಕೆ.ಜಿ.ಯಲ್ಲಿ 85 ಕಳೆದರೆ ಓಟ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಓಡುವ ದಾರಿಯನ್ನು ಕೊನೆ ತನಕ ನಡೆದು ನೋಡಿ, ಗುಂಡಿ ಮುಚ್ಚಿ, ರಾತ್ರಿ ಅಲ್ಲೇ ತಂಗಿ. ಬೆಳಗಿನ ತಂಪಿನಲ್ಲಿ, ಗಾಳಿಗೆ ಎದುರಾಗಿ, ಒಬ್ಬರೇ ಹೊರಡಿ.