ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಕಗ್ಗ

ಮಂಕುತಿಮ್ಮನ ಕಗ್ಗ ಓದಿ ಮುಗಿಸಲು ನನಗೆ ಮೂರು ವರ್ಷ ಎಂಟು ತಿಂಗಳು ಹಿಡಿಯಿತು. 2018ರ ಜೂನ್‌ನಲ್ಲಿ ಶುರು ಮಾಡಿದೆ, 2022ರ ಫೆಬ್ರವರಿಯಲ್ಲಿ ಕೊನೆಯ ಪದ್ಯಕ್ಕೆ ಬಂದೆ. ಇರುವುದು 945 ಪದ್ಯ, ಒಂದೊಂದಕ್ಕೂ ನಾಲ್ಕೇ ಸಾಲು. ಹಟ ಹಿಡಿದರೆ ವಾರದಲ್ಲಿ ಕಣ್ಣಾಡಿಸಿ ಮುಗಿಸಬಹುದು. ಹಾಗೆ ಓದದೆ ಇದ್ದದ್ದೇ ನನಗೆ ಒಳ್ಳೆಯದಾಯಿತು.

ಹಾಸನದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಓದುವ ಹುಚ್ಚು ಮೊದಲಿಂದಲೂ ಇತ್ತು. ಇಷ್ಟು ದಿನದಲ್ಲಿ ಗೆಲ್ಲುವುದು ಹೇಗೆ, ಸಿಟ್ಟು ಬಿಡುವುದು ಹೇಗೆ ಅಂತ ಹೇಳುವ ಪುಸ್ತಕಗಳನ್ನು ತಂದು ತಂದು ಓದುತ್ತಿದ್ದೆ. ಓದಿದ ಎರಡು ದಿನ ಮೈಯಲ್ಲಿ ಏನೋ ಹುರುಪು. ಮೂರನೇ ದಿನ ಮತ್ತೆ ಅದೇ ನಾನು, ಅದೇ ಸಿಡುಕು.

ನಮ್ಮಲ್ಲಿ ಬಟ್ಟೆ ಹೊಲಿಸುವ ಒಬ್ಬ ನಿವೃತ್ತ ಕನ್ನಡ ಟೀಚರ್ ಒಮ್ಮೆ ಸೀರೆಗೆ ಫಾಲ್ ಹಾಕಿಸಲು ಬಂದಿದ್ದರು. ಮೆಷಿನ್ ಪಕ್ಕ ಇದ್ದ ಪುಸ್ತಕ ನೋಡಿದರು, ಏನೂ ಹೇಳಲಿಲ್ಲ. ಸೀರೆ ತೆಗೆದುಕೊಂಡು ಹೋಗಲು ಬಂದಾಗ ಬೈಂಡು ಹಾಕಿದ ಹಳೇ ಕಗ್ಗವನ್ನು ಕೈಗಿಟ್ಟರು. “ದಿನಕ್ಕೆ ಒಂದೇ ಓದಮ್ಮ. ಜೋರಾಗಿ ಓದು. ಎರಡನೇದಕ್ಕೆ ಆಸೆ ಪಡಬೇಡ” ಅಂದರು.

ಮೊದಲ ದಿನವೇ ಎಡವಿದೆ. ಮೊದಲ ಪದ್ಯದ ಮೂರನೇ ಸಾಲಿನಲ್ಲಿ “ಕಾಣದೊಡಮಳ್ತಿಯಿಂ” ಅಂತ ಇದೆ. ಇದೇನು ಕನ್ನಡವೇ ಅನ್ನಿಸಿತು. ಜೋರಾಗಿ ಓದಿದೆ, ಮತ್ತೆ ಓದಿದೆ. ಎಲ್ಲಿ ಉಸಿರು ನಿಲ್ಲಿಸಬೇಕು ಅಂತ ಹುಡುಕುತ್ತಾ ಹೋದಾಗ ಅದು ಎರಡಾಗಿ ಬಿಚ್ಚಿಕೊಂಡಿತು: ಕಾಣದೊಡಂ, ಅಳ್ತಿಯಿಂ. ಅಳ್ತಿ ಅಂದರೆ ಪ್ರೀತಿ ಅಂತ ಟೀಚರ್ ಆಮೇಲೆ ಹೇಳಿಕೊಟ್ಟರು. ಕಣ್ಣಿಗೆ ಕಾಣದಿದ್ದರೂ ಪ್ರೀತಿಯಿಂದ ಅಂತ ಅರ್ಥ. ತಪ್ಪಾದ ಹೊಲಿಗೆಯನ್ನು ಬಟ್ಟೆ ಹರಿಯದ ಹಾಗೆ ಬಿಚ್ಚುವುದು ನನಗೆ ದಿನದ ಕೆಲಸ. ದಾರದ ತುದಿ ಸಿಕ್ಕಿದರೆ ಸಾಕು, ಉಳಿದದ್ದು ಸಲೀಸಾಗಿ ಬರುತ್ತದೆ. ಪದ್ಯಗಳೂ ಹಾಗೇ ಅಂತ ಅವತ್ತು ಗೊತ್ತಾಯಿತು. ಆಮೇಲೆ ಭಯ ಹೋಯಿತು.

ಬೆಳಿಗ್ಗೆ ಅಂಗಡಿ ತೆಗೆದು, ಮೆಷಿನ್ ಒರೆಸಿ, ಎಣ್ಣೆ ಬಿಟ್ಟು, ಮೊದಲ ಗಿರಾಕಿ ಬರುವುದರೊಳಗೆ ಒಂದು ಪದ್ಯವನ್ನು ಎರಡು ಸಲ ಬಾಯಿಬಿಟ್ಟು ಓದುತ್ತಿದ್ದೆ. ಪದ ಬಿಡಿಸುತ್ತಿದ್ದೆ. ಪ್ರಜಾವಾಣಿಯಲ್ಲಿ ಗುರುರಾಜ ಕರಜಗಿಯವರು ಕಗ್ಗದ ಬಗ್ಗೆ ಬರೆಯುತ್ತಿದ್ದ ಅಂಕಣ ಸಿಕ್ಕಾಗ ಓದುತ್ತಿದ್ದೆ, ಆದರೆ ನನ್ನ ಓದು ಮುಗಿದ ಮೇಲೆ ಮಾತ್ರ. ರಾತ್ರಿ ಬಾಗಿಲು ಹಾಕುವ ಮುಂಚೆ ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಒಂದು ಸಾಲು ಬರೆಯುತ್ತಿದ್ದೆ. ಅಲ್ಲಿ ಬರೆಯುತ್ತಿದ್ದದ್ದು ಪದ್ಯದ ಅರ್ಥ ಅಲ್ಲ, ಇವತ್ತು ನನ್ನ ಜೀವನದಲ್ಲಿ ಆ ಪದ್ಯ ಎಲ್ಲಿ ತಾಗಿತು ಅನ್ನುವುದನ್ನು. ತಾಗದಿದ್ದರೆ “ಇಲ್ಲ” ಅಂತ ಬರೆಯುತ್ತಿದ್ದೆ. ಅರ್ಥವೇ ಆಗದಿದ್ದರೆ ಪದ್ಯದ ಪಕ್ಕ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟು ಮುಂದಿನ ದಿನ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ಶ್ರಾವಣದಲ್ಲಿ, ದೀಪಾವಳಿ ಹತ್ತಿರ ಬಂದಾಗ ಎಷ್ಟೋ ದಿನ ತಪ್ಪಿದ್ದೂ ಇದೆ. ತಪ್ಪಿದ್ದನ್ನು ಸರಿದೂಗಿಸಲು ಒಂದೇ ದಿನ ನಾಲ್ಕು ಓದುವ ಕೆಲಸ ಮಾತ್ರ ಮಾಡಲಿಲ್ಲ.

ಇಷ್ಟು ನಿಧಾನಕ್ಕೆ ಓದಿದರೂ ಒಂದು ಪದ್ಯವನ್ನು ತಪ್ಪಾಗಿ ತೆಗೆದುಕೊಂಡೆ. ಮೊಳಕೆ ಒಡೆಯುವಾಗ ತಮಟೆ ಇಲ್ಲ, ಹಣ್ಣು ಮಾಗುವಾಗ ತುತ್ತೂರಿ ಇಲ್ಲ, ಸೂರ್ಯ ಚಂದ್ರರದ್ದೂ ಸದ್ದಿಲ್ಲ ಅಂತ ಹೇಳಿ ಕೊನೆಗೆ “ಹೊಲಿ ನಿನ್ನ ತುಟಿಗಳನು” ಅನ್ನುತ್ತದಲ್ಲ, ಆ ಪದ್ಯ. ಹೊಲಿಯುವವಳಿಗೆ ಅದು ನೇರವಾಗಿ ಎದೆಗೆ ಬಿತ್ತು. ಅವತ್ತೇ ಒಬ್ಬರು ಬಂದು ಬ್ಲೌಸ್ ಕಂಕುಳಲ್ಲಿ ಬಿಗಿ ಅಂತ ರೇಗಾಡಿದರು. ಬೇರೆ ದಿನವಾಗಿದ್ದರೆ ಅಳತೆ ಪುಸ್ತಕ ತೆಗೆದು, “ನೋಡಿ, ನೀವು ಕೊಟ್ಟ ಅಳತೆ ಇದು” ಅಂತ ವಾದಕ್ಕೆ ನಿಲ್ಲುತ್ತಿದ್ದೆ. ಅವತ್ತು ಸುಮ್ನೆ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಸಡಿಲ ಮಾಡಿ ಕೊಟ್ಟೆ. ಹತ್ತು ನಿಮಿಷದ ಕೆಲಸ. ಆಕೆ ನಗುತ್ತಾ ಹೋದರು. ನನಗೂ ಇಡೀ ದಿನ ಹಗುರ ಅನ್ನಿಸಿತು.

ಆದರೆ ಅದೇ ಪದ್ಯ ಹಿಡಿದುಕೊಂಡು ಇನ್ನೊಂದು ಕಡೆ ಬಾಯಿ ಮುಚ್ಚಿಕೊಂಡು ಕೂತೆ. ಯೂನಿಫಾರ್ಮ್ ಹೊಲಿಸಿಕೊಂಡ ಒಬ್ಬರು ತಿಂಗಳುಗಟ್ಟಲೆ ದುಡ್ಡು ಕೊಟ್ಟಿರಲಿಲ್ಲ. ಕೇಳಲು ಹೋದಾಗೆಲ್ಲ ಆ ಸಾಲು ನೆನಪಾಗುತ್ತಿತ್ತು. ತಾಳ್ಮೆ ಕಲಿಯುತ್ತಿದ್ದೇನೆ ಅಂದುಕೊಂಡಿದ್ದೆ. ನಮ್ಮಲ್ಲಿ ಕಾಜಾ ಹಾಕುವ ಹುಡುಗಿಗೆ ಎರಡು ಸಲ ಸಂಬಳ ತಡವಾಯಿತು. ಟೀಚರ್ ಮುಂದೆ ಇದನ್ನು ಹೇಳಿದಾಗ ಅವರಿಗೆ ಸಿಟ್ಟೇ ಬಂತು. “ಪದ್ಯ ಪೂರ್ತಿ ಓದಿದ್ಯಾ? ಮೊಳಕೆ, ಹಣ್ಣು, ಬೆಳಕು ಅಂತ ಇದೆ. ಮಾಡಿದ ಕೆಲಸಕ್ಕೆ ಡಂಗುರ ಹೊಡೀಬೇಡ ಅಂತ ಹೇಳಿರೋದು. ಕೂಲಿ ಕೇಳಬೇಡ ಅಂತ ಎಲ್ಲಿದೆಯಮ್ಮ?” ಮರುದಿನವೇ ಹೋಗಿ ಕೇಳಿದೆ. ಎರಡು ಕಂತಿನಲ್ಲಿ ಬಂತು. ಒಂದು ಸಾಲನ್ನು ಕಿತ್ತುಕೊಂಡು ಓಡಿದರೆ ಅದು ನಮಗೆ ಬೇಕಾದ ಹಾಗೆ ಬಗ್ಗುತ್ತದೆ. ಅಂದಿನಿಂದ ನಾಲ್ಕೂ ಸಾಲು ಒಟ್ಟಿಗೆ ನೋಡದೆ ನಾನು ಯಾವುದನ್ನೂ ಬರೆದುಕೊಳ್ಳುವುದಿಲ್ಲ.

ಬದುಕು ಜಟಕಾ ಬಂಡಿ ಅನ್ನುವ ಪದ್ಯ ಎಲ್ಲರ ಬಾಯಲ್ಲೂ ಇದೆ. ನನಗೆ ಅದು ಮೊದಲಿಂದ ಹಿಡಿಸುತ್ತಿರಲಿಲ್ಲ. ವಿಧಿ ಸಾಹೇಬ, ನಾವು ಕುದುರೆ, ಮದುವೆಗೋ ಮಸಣಕ್ಕೋ ಹೋಗೆಂದ ಕಡೆ ಓಡಬೇಕು. ಹಾಗಾದರೆ ನಮ್ಮದು ಅಂತ ಏನಿದೆ, ಅಲ್ವಾ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಮದುವೆ ಸೀಸನ್ನಿಗೆ ಬಂದಿದ್ದ ಆರ್ಡರುಗಳು ಕತ್ತರಿಸಿಟ್ಟ ಬಟ್ಟೆಯಾಗಿ ಅಂಗಡಿಯಲ್ಲೇ ಉಳಿದವು. ಬಾಡಿಗೆ ಮಾತ್ರ ನಿಲ್ಲಲಿಲ್ಲ. ಒಂದು ಮೆಷಿನ್ ಮನೆಗೆ ತಂದು ಮಾಸ್ಕ್ ಹೊಲಿಯುತ್ತಾ ಕೂತಿದ್ದೆ. ಆಗ ಆ ಪದ್ಯದ ಕೊನೆಯ ಸಾಲು ತಾನಾಗಿಯೇ ಬಾಯಿಗೆ ಬಂತು: “ಪದ ಕುಸಿಯೆ ನೆಲವಿಹುದು.” ಇಷ್ಟು ವರ್ಷ ಸಾಹೇಬನ ಮೇಲಿನ ಸಿಟ್ಟಿನಲ್ಲಿ ಈ ಅರ್ಧ ಸಾಲನ್ನು ಕೇಳಿಸಿಕೊಂಡೇ ಇರಲಿಲ್ಲ. ಕಾಲು ಸೋತು ಬಿದ್ದರೂ ಕೆಳಗೆ ನೆಲ ಇದೆ. ನನಗೆ ಆಗ ಇದ್ದ ನೆಲ ಯಾವುದು ಅಂತ ಎಣಿಸಿದೆ. ಒಂದು ಮೆಷಿನ್, ಕೈಯಲ್ಲಿರುವ ಕಸುಬು, ತಮ್ಮನ ಮನೆಯಿಂದ ಬರುತ್ತಿದ್ದ ಅಕ್ಕಿ. ಅವತ್ತಿನ ಪುಟದಲ್ಲಿ ಆ ಮೂರನ್ನೇ ಬರೆದಿದ್ದೇನೆ.

ಬರೆದವರ ಬಗ್ಗೆ ಆಮೇಲೆ ತಿಳಿದುಕೊಂಡೆ. ಡಿವಿಜಿ ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ಓದು ಹೈಸ್ಕೂಲಿಗೇ ನಿಂತಿತ್ತು. ಪತ್ರಿಕೆ ಕೆಲಸ ಮಾಡಿಕೊಂಡು ಬದುಕಿದರು, ನಡುವಯಸ್ಸಿಗೆ ಮುಂಚೆಯೇ ಹೆಂಡತಿಯನ್ನು ಕಳೆದುಕೊಂಡರು. ಕಗ್ಗ ಅಚ್ಚಾದದ್ದು 1943ರಲ್ಲಿ, ಮಹಾಯುದ್ಧ ನಡೆಯುತ್ತಿದ್ದಾಗ. ನೆಲ ಇದೆ ಅಂತ ಹೇಳಿದವರು ಬಿದ್ದು ನೋಡಿದವರೇ ಅಂತ ನನಗೆ ಧೈರ್ಯ ಬಂತು.

ಎಲ್ಲರಿಗೂ ಕಗ್ಗವೇ ಆಗಬೇಕು ಅಂತಿಲ್ಲ. ನನ್ನ ತಂಗಿಗೆ ಹಳಗನ್ನಡದ ವಾಸನೆ ಬಂದರೆ ಸುಸ್ತಾಗುತ್ತದೆ. ಅವಳು ಸರ್ವಜ್ಞನ ತ್ರಿಪದಿಗಳನ್ನು ಹೀಗೇ ದಿನಕ್ಕೊಂದರಂತೆ ಓದುತ್ತಿದ್ದಾಳೆ.

ನಾನೀಗ ಎರಡನೇ ಸುತ್ತಿನಲ್ಲಿದ್ದೇನೆ. ಹಳೇ ಅಳತೆ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡೇ ಓದುತ್ತೇನೆ. ಒಂದು ಕಡೆ ಯಾರದೋ ತೋಳಿನ ಉದ್ದ, ಎದೆ ಸುತ್ತಳತೆ. ತಿರುವಿ ಹಾಕಿದರೆ ಅವತ್ತಿನ ನಾನು. ಮೊದಲ ಸಲ “ಇಲ್ಲ” ಅಂತ ಬರೆದಿದ್ದ ಎಷ್ಟೋ ಪದ್ಯಗಳಿಗೆ ಈಗ ಅರ್ಧ ಪುಟ ಸಾಲುತ್ತಿಲ್ಲ. ಚುಕ್ಕಿ ಇಟ್ಟಿದ್ದ ಕೆಲವು ಬಿಚ್ಚಿಕೊಂಡಿವೆ. ನಿನ್ನೆಯ ಪದ್ಯ ಬಿಚ್ಚಿಕೊಳ್ಳಲಿಲ್ಲ. ಹಳೇ ಚುಕ್ಕಿಯ ಪಕ್ಕ ಇನ್ನೊಂದು ಚುಕ್ಕಿ ಇಟ್ಟು ಅಂಗಡಿ ಬಾಗಿಲು ಹಾಕಿದೆ.