ಕಾರಿನ ಏಸಿ ತಣ್ಣಗಾಗುತ್ತಿಲ್ಲವೇ? ಗ್ಯಾಸ್ ಹಾಕಿಸುವ ಮೊದಲು ಇಷ್ಟು ನೋಡಿ

ಮಾರ್ಚ್ ಬಂತೆಂದರೆ ರಾಯಚೂರು, ಕಲಬುರಗಿ ಕಡೆ ಕಾರ್ ಏಸಿ ಅಂಗಡಿಗಳಿಗೆ ಬಿಡುವಿಲ್ಲ. ಬಾನೆಟ್ ಎತ್ತುವ ಮೊದಲೇ ಒಂದು ಮಾತು ಬಂದುಬಿಡುತ್ತದೆ: ‘ಗ್ಯಾಸ್ ಖಾಲಿ ಆಗ್ಯಾದ್ರಿ ಸರ, ತುಂಬಿಸಿಬಿಡೋಣ.’ ತುಂಬಿಸಿದ ಮೇಲೆ ತಣ್ಣಗೂ ಆಗುತ್ತದೆ. ಸ್ವಲ್ಪ ದಿನ ಕಳೆದರೆ ಮತ್ತೆ ಅದೇ ಬಿಸಿಗಾಳಿ, ಮತ್ತೆ ಅದೇ ಅಂಗಡಿ, ಮತ್ತೆ ಅದೇ ಮಾತು.

ಏಸಿ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಹಳೆಯ ಕಾರುಗಳಲ್ಲಿ ರಬ್ಬರ್ ಪೈಪು, ಸೀಲುಗಳ ಮೂಲಕ ವರ್ಷ ವರ್ಷ ತುಸು ಸೋರುವುದುಂಟು. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾಯಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಇನ್ನು ಎಷ್ಟೋ ಸಲ ಗ್ಯಾಸ್ ಸರಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಒಂದು ಫ್ಯಾನ್ ಮೋಟರೋ, ಫ್ಯೂಸೋ, ಕಸ ತುಂಬಿದ ಫಿಲ್ಟರೋ ಆಗಿರುತ್ತದೆ. ಇವನ್ನೆಲ್ಲ ಮನೆ ಮುಂದೆ ನಿಂತೇ ನೋಡಬಹುದು.

ಒಳಗೆ ನಡೆಯುವುದು ಇಷ್ಟು. ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡಿ ಮುಂದಕ್ಕೆ ತಳ್ಳುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರಿನಲ್ಲಿ ಆ ಬಿಸಿ ಹೊರಗಿನ ಗಾಳಿಗೆ ಹೋಗಿ ಗ್ಯಾಸ್ ದ್ರವವಾಗುತ್ತದೆ. ಅದು ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ಕಂಡಿಯಲ್ಲಿ ನುಗ್ಗಿ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಗ್ಯಾಸಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಬ್ಲೋವರ್ ಆ ಕಾಯಿಲ್ ಮೇಲೆ ಗಾಳಿ ಊದುತ್ತದೆ, ನಿಮ್ಮ ಮುಖಕ್ಕೆ ತಂಪು ಬಡಿಯುತ್ತದೆ.

ಕೈ ಹಾಕುವ ಮೊದಲು

ಬಾನೆಟ್ ಎತ್ತಿ ನೋಡುವಾಗ ಸೆರಗು, ದುಪಟ್ಟಾ, ಸಡಿಲ ತೋಳು, ಕತ್ತಿನ ಸರ ಎಲ್ಲ ದೂರ. ಎಂಜಿನ್ ಆಫ್ ಇದ್ದರೂ ಕೆಲವು ಕಾರುಗಳ ಫ್ಯಾನ್ ತಾನಾಗಿಯೇ ತಿರುಗಿಬಿಡುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಏಸಿ ಪೈಪಿನ ನಟ್ಟನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬೇಡಿ. ಬಹಳಷ್ಟು ಕಾರುಗಳ ಏಸಿಯಲ್ಲಿರುವ ಆರ್-134ಎ ಗ್ಯಾಸ್ ಕುದಿಯುವುದೇ ಮೈನಸ್ 26 ಡಿಗ್ರಿಯಲ್ಲಿ, ಕೈಗೆ ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಹೋದರೆ ಕೇಳುವುದೇ ಬೇಡ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ವೈರು ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ನೂರಾರು ವೋಲ್ಟಿನ ಲೈನು.

ಹಂತ 1: ದೂರು ಏನು ಅಂತ ಸರಿಯಾಗಿ ಹಿಡಿಯಿರಿ

‘ಏಸಿ ಕೆಲಸ ಮಾಡ್ತಿಲ್ಲ’ ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಗಾಳಿಯೇ ಬರುತ್ತಿಲ್ಲವೋ, ಗಾಳಿ ಬಂದರೂ ತಣ್ಣಗಿಲ್ಲವೋ? ಹೈವೇಯಲ್ಲಿ ಸರಿಯಿದ್ದು ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯೋ? ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಕೈಕೊಡುತ್ತದೆಯೋ? ಒಂದು ಪಕ್ಕ ತಣ್ಣಗೆ, ಇನ್ನೊಂದು ಪಕ್ಕ ಬಿಸಿಯೋ? ಇವು ಐದು ಬೇರೆ ಬೇರೆ ರೋಗ. ಎರಡು ದಿನ ಗಮನಿಸಿ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಹಂತ 2: ಗಾಳಿ ಕಡಿಮೆಯಾಗಿದ್ದರೆ

ಮೊದಲು ಕ್ಯಾಬಿನ್ ಫಿಲ್ಟರ್. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಎರಡು ಕ್ಲಿಪ್ ಒತ್ತಿದರೆ ಬರುತ್ತದೆ. ಹೊರತೆಗೆದು ಬಿಸಿಲಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಅದರ ಆಯಸ್ಸು ಮುಗಿದಿದೆ. ಫಿಲ್ಟರ್ ತೆಗೆದಿಟ್ಟು ಬ್ಲೋವರ್ ಹಾಕಿ ನೋಡಿ, ಗಾಳಿ ಧುಮ್ಮಿಕ್ಕಿದರೆ ಕಾರಣ ಸಿಕ್ಕಿತು. ತೋಟದ ಮನೆಯವರು ಕೈಬೆಳಕು ಹಿಡಿದು ಆ ಗೂಡಿನೊಳಗೂ ಇಣುಕಿ. ಇಲಿ ಗೂಡು ಕಟ್ಟುವ ಮೆಚ್ಚಿನ ಜಾಗ ಅದು. ತೆಂಗಿನ ನಾರು, ಶೇಂಗಾ ಸಿಪ್ಪೆ, ಕೊನೆಗೆ ಹರಿದ ವೈರೂ ಸಿಗಬಹುದು.

ಬ್ಲೋವರ್ 1, 2, 3ರಲ್ಲಿ ತಿರುಗದೆ 4ರಲ್ಲಿ ಮಾತ್ರ ತಿರುಗುತ್ತದೆಯೇ? ವೇಗ ತಗ್ಗಿಸುವ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಚಿಕ್ಕ ಭಾಗ, ಇಡೀ ಮೋಟರ್ ಬದಲಿಸಬೇಕಿಲ್ಲ. ಯಾವ ಸ್ಪೀಡಿನಲ್ಲೂ ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ಮೋಟರ್.

ಇನ್ನೊಂದು ಬಗೆಯಿದೆ. ಶುರುವಿನಲ್ಲಿ ಒಳ್ಳೆಯ ತಂಪು. ಮುಕ್ಕಾಲು ಗಂಟೆ ಹೋದಮೇಲೆ ಬ್ಲೋವರ್ ಸದ್ದು ಅಷ್ಟೇ ಇದ್ದರೂ ಗಾಳಿ ಸೊರಗುತ್ತದೆ. ಏಸಿ ಬಟನ್ ಆಫ್ ಮಾಡಿ ಬರೀ ಬ್ಲೋವರ್ ಹತ್ತು ನಿಮಿಷ ಓಡಿಸಿ. ಗಾಳಿ ಮರಳಿ ಬಂದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿತ್ತು ಎಂದಾಯಿತು. ಫಿಲ್ಟರ್ ಕಟ್ಟಿರಬೇಕು, ಇಲ್ಲವೇ ಕಾಯಿಲ್‌ನ ಉಷ್ಣತೆ ನೋಡಿ ಕಂಪ್ರೆಸರ್ ನಿಲ್ಲಿಸಬೇಕಾದ ಸೆನ್ಸರ್ ಕೆಟ್ಟಿರಬೇಕು.

ಹಂತ 3: ಆ ‘ಟಕ್’ ಸದ್ದು

ಎಂಜಿನ್ ಚಾಲೂ, ಏಸಿ ಆಫ್. ಬೆಲ್ಟ್ ಹೋಗುವ ದಾರಿಯನ್ನು ದೂರದಿಂದ ಕಣ್ಣಲ್ಲೇ ಹಿಂಬಾಲಿಸಿ ಕಂಪ್ರೆಸರ್ ಹುಡುಕಿ, ಕೈ ಹಾಕಬೇಡಿ. ಅದರ ಪುಲ್ಲಿಯ ಹೊರ ಅಂಚು ತಿರುಗುತ್ತಿರುತ್ತದೆ, ನಡುವಿನ ತಟ್ಟೆ ಸುಮ್ನೆ ನಿಂತಿರುತ್ತದೆ. ಈಗ ಒಳಗಿದ್ದವರಿಗೆ ಏಸಿ ಒತ್ತಲು ಹೇಳಿ. ‘ಟಕ್’ ಎಂದು ಸದ್ದಾಗಿ ನಡುವಿನ ತಟ್ಟೆಯೂ ಜೊತೆಗೆ ತಿರುಗಬೇಕು, ಎಂಜಿನ್ ಒಂದು ಕ್ಷಣ ತಗ್ಗಿ ಮತ್ತೆ ಚೇತರಿಸಿಕೊಳ್ಳಬೇಕು. (ಕೆಲವು ಹೊಸ ಕಾರುಗಳ ಕಂಪ್ರೆಸರಿಗೆ ಈ ತಟ್ಟೆಯನ್ನು ಹಿಡಿಸಿ ಬಿಡುವ ಕ್ಲಚ್ಚೇ ಇಲ್ಲ, ಅಲ್ಲಿ ಈ ಪರೀಕ್ಷೆ ನಡೆಯದು.)

ಟಕ್ ಬರಲಿಲ್ಲವೇ? ಫ್ಯೂಸ್ ನೋಡಿ. ಆಮೇಲೆ ರಿಲೇ, ಅಂದರೆ ಕಂಪ್ರೆಸರಿಗೆ ಕರೆಂಟ್ ಬಿಡುವ ಚಿಕ್ಕ ಸ್ವಿಚ್ ಡಬ್ಬಿ. ಅದರ ಮೇಲಿನ ನಂಬರ್ ಹಾರ್ನ್ ರಿಲೇ ನಂಬರಿಗೆ ಹೊಂದಿದರೆ ಅದಲು ಬದಲು ಮಾಡಿ ನೋಡಿ. ಅವೆರಡೂ ಸರಿಯಿದ್ದರೆ ಪ್ರೆಷರ್ ಸ್ವಿಚ್ ತಡೆಯುತ್ತಿರಬಹುದು. ಗ್ಯಾಸ್ ತೀರಾ ಕಡಿಮೆಯಾದಾಗ ಈ ಸ್ವಿಚ್ ಬೇಕೆಂದೇ ಕಂಪ್ರೆಸರನ್ನು ಓಡಲು ಬಿಡುವುದಿಲ್ಲ. ಯಾಕೆಂದರೆ ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ, ಗ್ಯಾಸ್ ಇಲ್ಲವೆಂದರೆ ಎಣ್ಣೆಯೂ ಇಲ್ಲ, ಒಣಗಿ ತಿರುಗಿದ ಕಂಪ್ರೆಸರ್ ಕೆಲವೇ ದಿನದಲ್ಲಿ ಒಳಗೆಲ್ಲ ಲೋಹದ ಪುಡಿ ತುಂಬಿಸಿ ಸಾಯುತ್ತದೆ, ಆ ಪುಡಿ ಕಂಡೆನ್ಸರಿನವರೆಗೂ ಹೋಗಿ ಕೂರುತ್ತದೆ. ಹಾಗಾಗಿ ‘ಸ್ವಿಚ್ ಡೈರೆಕ್ಟ್ ಮಾಡಿಬಿಡ್ತೀನಿ’ ಎನ್ನುವವರಿಗೆ ಕೈ ಮುಗಿದು ಕಾರ್ ಈಚೆ ತೆಗೆದುಕೊಳ್ಳಿ.

ಟಕ್ ಟಕ್ ಎಂದು ಕೆಲವೇ ಸೆಕೆಂಡಿಗೊಮ್ಮೆ ಹಿಡಿದು ಬಿಡುತ್ತಿದ್ದರೆ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆ ಜಾಸ್ತಿ. ಒಂದು ಗಂಟೆ ಓಡಿದ ಮೇಲೆ ಹಿಡಿಯುವುದನ್ನೇ ನಿಲ್ಲಿಸಿ, ಕಾರ್ ತಣ್ಣಗಾದ ಮೇಲೆ ಮತ್ತೆ ಹಿಡಿದರೆ ಕ್ಲಚ್ ಸವೆದು ಅದರ ಸಂದು ಅಗಲವಾಗಿರಬಹುದು.

ಹಂತ 4: ಸಿಗ್ನಲ್‌ನಲ್ಲಿ ಬಿಸಿ, ಹೈವೇಯಲ್ಲಿ ತಂಪು

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬೆವರಿಸಿ ನೆಲಮಂಗಲ ದಾಟಿದ ಮೇಲೆ ತಣ್ಣಗಾಗುವ ಏಸಿ ಇದು. ಓಡುವಾಗ ಕಂಡೆನ್ಸರಿಗೆ ಗಾಳಿ ತಾನಾಗಿಯೇ ಬಡಿಯುತ್ತದೆ. ನಿಂತಾಗ ಫ್ಯಾನ್ ಎಳೆಯಬೇಕು. ಏಸಿ ಹಾಕಿದ ಸ್ವಲ್ಪ ಹೊತ್ತಿನಲ್ಲಿ ಮುಂದಿನ ಫ್ಯಾನ್ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ಮತ್ತೆ ಫ್ಯೂಸ್, ರಿಲೇ, ಮೋಟರ್. ತಿರುಗುತ್ತಿದ್ದರೆ ಕಂಡೆನ್ಸರಿನ ರೆಕ್ಕೆಗಳಲ್ಲಿ ಧೂಳು, ಹುಳ ಮೆತ್ತಿಕೊಂಡಿವೆಯೇ ನೋಡಿ.

ಖಚಿತ ಮಾಡಿಕೊಳ್ಳಲು ಸುಲಭದ ಉಪಾಯ: ಕಾರ್ ನಿಂತಿದ್ದಾಗಲೇ ಏಸಿ ಹಾಕಿ, ಮುಂದಿನ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಪೈಪಿನಿಂದ ಮೆಲ್ಲಗೆ ನೀರು ಬಿಡಿ. ನೋಡ ನೋಡುತ್ತಲೇ ಒಳಗಿನ ಗಾಳಿ ತಣ್ಣಗಾದರೆ ತೊಂದರೆ ಇರುವುದು ಫ್ಯಾನ್ ಅಥವಾ ಕಂಡೆನ್ಸರಿನಲ್ಲಿ. ಈ ಒಂದು ಪರೀಕ್ಷೆಯೇ ಎಷ್ಟೋ ಜನರ ಗ್ಯಾಸ್ ದುಡ್ಡು ಉಳಿಸುತ್ತದೆ. ವಾಟರ್ ವಾಷಿನ ಜೋರು ನೀರು ಮಾತ್ರ ಹತ್ತಿರದಿಂದ ಹೊಡೆಸಬೇಡಿ, ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ಹಂತ 5: ಅಳೆದು ನೋಡಿ

ಉದ್ದ ಕಡ್ಡಿಯ ಅಡುಗೆ ಥರ್ಮಾಮೀಟರ್ ಸಾಕು. ಜ್ವರ ನೋಡುವುದು ನಡೆಯದು, ಅದರ ಲೆಕ್ಕ ಶುರುವಾಗುವುದೇ 32 ಡಿಗ್ರಿಯ ಮೇಲಿಂದ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬಾಗಿಲು ತೆರೆದು ಒಳಗಿನ ಕಾವು ಹೋಗಲು ಬಿಡಿ. ಆಮೇಲೆ ಗಾಜು ಏರಿಸಿ, ಪೂರ್ತಿ ತಂಪು, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆನ್. ಒಬ್ಬರು ಎಂಜಿನನ್ನು 1500 ಆರ್‌ಪಿಎಂನಲ್ಲಿ ಐದು ನಿಮಿಷ ಹಿಡಿಯಲಿ. ನಡುವಿನ ವೆಂಟಿನೊಳಗೆ ಕಡ್ಡಿ ತೂರಿಸಿ ಓದಿ. ಹೊರಗೆ 35 ಡಿಗ್ರಿ ಇದ್ದಾಗ ವೆಂಟಿನಲ್ಲಿ 8ರಿಂದ 12 ಬಂದರೆ ಏಸಿ ಆರೋಗ್ಯವಾಗಿದೆ. 20 ದಾಟಿದರೆ ಹುಡುಕಾಟ ಮುಂದುವರಿಸಿ. ಏಪ್ರಿಲ್ ಮಧ್ಯಾಹ್ನ ಎರಡಕ್ಕೆ, ಬಿಸಿಲಲ್ಲಿ ಬೆಂದ ಕಾರಿನಲ್ಲಿ ಕೂತು 8 ಡಿಗ್ರಿ ಬರಲಿಲ್ಲ ಅಂತ ಜಗಳ ಆಡಬೇಡಿ.

ಅಳೆದ ಮೇಲೆ ಬಾನೆಟ್ ಒಳಗೆ, ಡ್ಯಾಶ್‌ಬೋರ್ಡ್ ಗೋಡೆಯೊಳಕ್ಕೆ ಹೋಗುವ ಎರಡು ಅಲ್ಯೂಮಿನಿಯಂ ಪೈಪು ನೋಡಿ. ದಪ್ಪದ್ದು ತಣ್ಣಗೆ ಬೆವರುತ್ತಿರಬೇಕು, ತೆಳ್ಳಗಿನದು ಬೆಚ್ಚಗಿರಬೇಕು. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪನ್ನು ಮುಟ್ಟಬೇಡಿ, ಕೈ ಸುಡುತ್ತದೆ. ದಪ್ಪ ಪೈಪು ಚೆನ್ನಾಗಿ ತಣ್ಣಗಿದ್ದೂ ವೆಂಟಿನಲ್ಲಿ ಬಿಸಿ ಗಾಳಿ ಬಂದರೆ ಗ್ಯಾಸಿನ ತಂಟೆಗೆ ಹೋಗಲೇಬೇಡಿ. ಒಳಗೆ ಬಿಸಿ ಮತ್ತು ತಂಪು ಬೆರೆಸುವ ಮುಚ್ಚಳ ಸಿಕ್ಕಿಕೊಂಡಿದೆ. ಹಳೆಯ ಕಾರಿನಲ್ಲಿ ಅದರ ಕೇಬಲ್ ಜಾರಿರುತ್ತದೆ, ಹೊಸದರಲ್ಲಿ ಪುಟ್ಟ ಮೋಟರಿನ ಹಲ್ಲು ಮುರಿದಿರುತ್ತದೆ. ಕಾರ್ ಚಾಲೂ ಮಾಡಿದಾಗ ಡ್ಯಾಶ್‌ಬೋರ್ಡ್ ಹಿಂದೆ ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳಿದರೆ ಆ ಮೋಟರೇ.

ಒತ್ತಡದ ಮೀಟರ್ ಹಾಕಿದಾಗ ಏನು ನೋಡಬೇಕು

ಇದು ಅಂಗಡಿಯವರ ಕೆಲಸ, ಆದರೆ ಪಕ್ಕದಲ್ಲಿ ನಿಂತು ನೋಡುವುದರಲ್ಲಿ ತಪ್ಪಿಲ್ಲ. ನೀಲಿ ಮೀಟರ್ ಕಡಿಮೆ ಒತ್ತಡದ್ದು, ಕೆಂಪು ಹೆಚ್ಚು ಒತ್ತಡದ್ದು.

ಏಸಿ ಆಫ್ ಇದ್ದಾಗ ಎರಡೂ ಒಂದೇ ಅಂಕಿ ತೋರಿಸುತ್ತವೆ, 30 ಡಿಗ್ರಿ ಹವೆಯಲ್ಲಿ ಸುಮಾರು 95 ಪಿಎಸ್‌ಐ (ಒತ್ತಡದ ಅಳತೆ). ಇದನ್ನು ನೋಡಿ ‘ಗ್ಯಾಸ್ ಫುಲ್ ಇದೆ’ ಎಂದೋ ‘ಅರ್ಧ ಇದೆ’ ಎಂದೋ ಹೇಳುವವರಿದ್ದಾರೆ. ನಂಬಬೇಡಿ. ಒಳಗೆ ಸ್ವಲ್ಪವೇ ದ್ರವ ಉಳಿದಿದ್ದರೂ ನಿಂತ ಕಾರಿನ ಒತ್ತಡ ಹವೆಯ ಉಷ್ಣತೆಯನ್ನಷ್ಟೇ ಹೇಳುತ್ತದೆ, ಗ್ಯಾಸಿನ ತೂಕವನ್ನಲ್ಲ. ಅಡುಗೆ ಸಿಲಿಂಡರ್ ಮುಗಿಯುವ ತನಕ ಒಲೆ ಒಂದೇ ಸಮ ಉರಿಯುತ್ತದಲ್ವಾ, ಹಾಗೆ. 95 ಬರಬೇಕಾದಲ್ಲಿ 40 ಇದ್ದರೆ ಮಾತ್ರ ಗ್ಯಾಸ್ ಬಹುಪಾಲು ಹೋಗಿದೆ ಎನ್ನಬಹುದು.

ಏಸಿ ಓಡುವಾಗ ನೀಲಿ 25ರಿಂದ 45, ಕೆಂಪು 180ರಿಂದ 250ರ ಆಸುಪಾಸು ಇರುವುದು ವಾಡಿಕೆ. ಕಾರಿನಿಂದ ಕಾರಿಗೆ, ಬಿಸಿಲಿನಿಂದ ಬಿಸಿಲಿಗೆ ಬದಲಾಗುತ್ತದೆ. ಎರಡೂ ಕಡಿಮೆ ಎಂದರೆ ಗ್ಯಾಸ್ ಕಡಿಮೆ. ಎರಡೂ ಜಾಸ್ತಿ ಎಂದರೆ ಗ್ಯಾಸ್ ಅತಿಯಾಗಿದೆ ಅಥವಾ ಫ್ಯಾನ್, ಕಂಡೆನ್ಸರ್ ಶಾಖ ಬಿಡುತ್ತಿಲ್ಲ. ನೀಲಿ ಜಾಸ್ತಿ, ಕೆಂಪು ಕಡಿಮೆ ಇದ್ದರೆ ಕಂಪ್ರೆಸರ್ ಸುಸ್ತಾಗಿದೆ. ನೀಲಿ ಸೊನ್ನೆಯತ್ತ ಇಳಿದು, ಸ್ವಲ್ಪ ಹೊತ್ತಿಗೆ ಸರಿಯಾಗಿ, ಮತ್ತೆ ಇಳಿದರೆ ಒಳಗೆ ನೀರಿನಂಶ ಸೇರಿ ವಾಲ್ವಿನ ಬಾಯಲ್ಲಿ ಹೆಪ್ಪುಗಟ್ಟುತ್ತಿದೆ.

ಸೋರಿಕೆ ಹುಡುಕಲು ಮೊದಲು ಕಣ್ಣೇ ಸಾಕು. ಗ್ಯಾಸ್ ಹೋದಲ್ಲಿ ಎಣ್ಣೆಯೂ ಹೋಗುತ್ತದೆ, ಹಾಗಾಗಿ ಜಾಯಿಂಟುಗಳಲ್ಲಿ, ಕಂಡೆನ್ಸರ್ ಮೇಲೆ ಜಿಡ್ಡಿಗೆ ಧೂಳು ಅಂಟಿದ ಕಪ್ಪು ಕಲೆ ಹುಡುಕಿ. ಕಾಣದಿದ್ದರೆ ನೈಟ್ರೋಜನ್ ತುಂಬಿಸಿ ಸೋಪು ನೀರು ಹಚ್ಚಿಸಿ, ಇಲ್ಲವೇ ಡೈ ಹಾಕಿಸಿ ಯುವಿ ಲೈಟಿನಲ್ಲಿ ನೋಡಿಸಿ. ಎಲ್ಲೂ ಸಿಗದಿದ್ದರೆ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಸಂಶಯ. ಅದು ದೊಡ್ಡ ಖರ್ಚು, ಪುರಾವೆ ನೋಡದೆ ಬಿಚ್ಚಲು ಬಿಡಬೇಡಿ.

ವಾಸನೆ, ಒದ್ದೆ ಮ್ಯಾಟ್, ಹೀಟರ್

ಏಸಿ ಓಡುವಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕಬೇಕು. ಮಳೆಗಾಲದ ಮಂಗಳೂರಿನಲ್ಲಿ ತೊಟ್ಟಿಕ್ಕದೆ ಎಡಗಡೆಯ ಮ್ಯಾಟ್ ಒದ್ದೆಯಾಗಿದ್ದರೆ ನೀರು ಹೋಗುವ ಪೈಪು ಕಟ್ಟಿದೆ. ಹಸಿ ಗೋಣಿಯ ವಾಸನೆ ಬಂದರೆ ಕಾಯಿಲ್ ಮೇಲೆ ಬೂಸ್ಟು. ಮನೆ ತಲುಪುವ ಐದು ನಿಮಿಷ ಮೊದಲು ಏಸಿ ಆರಿಸಿ ಬ್ಲೋವರ್ ಮಾತ್ರ ಓಡಿಸುವ ಅಭ್ಯಾಸ ಒಳ್ಳೆಯದು.

ನಮ್ಮಲ್ಲಿ ಹೀಟರ್ ನೆನಪಾಗುವುದು ಮಡಿಕೇರಿ, ಚಾರ್ಮಾಡಿ ಘಾಟಿಯಲ್ಲಿ ಗಾಜು ಮಂಜಾದಾಗ. ಆಗ ಗಾಜಿನ ಕಡೆ ಗಾಳಿ, ಹೊರಗಿನ ಗಾಳಿ ಬರುವ ಬಟನ್, ಏಸಿ ಆನ್, ಜೊತೆಗೆ ಬಿಸಿ. ಏಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಗಾಜನ್ನು ಬೆಚ್ಚಗಿಡುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ನಿಮ್ಮ ಉಸಿರೇ ಗಾಜಿಗೆ ಕೂರುತ್ತದೆ.

ಹೀಟರ್ ಬಿಸಿಯಾಗದಿದ್ದರೆ ಮೊದಲು ತಣ್ಣಗಿರುವ ಎಂಜಿನ್ನಿನಲ್ಲಿ ಕೂಲಂಟ್ ಮಟ್ಟ ನೋಡಿ. ಎಂಜಿನ್ನನ್ನು ತಂಪಾಗಿಡುವ ಈ ದ್ರವದಿಂದಲೇ ಹೀಟರಿಗೆ ಬಿಸಿ ಬರುವುದು. ಎಂಜಿನ್ ಬಿಸಿಯಿದ್ದಾಗ ಕೂಲಂಟ್ ಮುಚ್ಚಳ ತೆರೆಯಬೇಡಿ. ಎಂಜಿನ್ ಕಾದ ಮೇಲೆ ಡ್ಯಾಶ್‌ಬೋರ್ಡ್ ಗೋಡೆಗೆ ಹೋಗುವ ಎರಡು ರಬ್ಬರ್ ಪೈಪುಗಳ ಮೇಲೆ ಬಟ್ಟೆ ಇಟ್ಟು ಮುಟ್ಟಿ. ಎರಡೂ ಬಿಸಿಯಿದ್ದರೆ ಬಿಸಿ ಮತ್ತು ತಂಪು ಬೆರೆಸುವ ಒಳಗಿನ ಮುಚ್ಚಳದ ತೊಂದರೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಹೀಟರ್ ಕಾಯಿಲ್ ಕಟ್ಟಿದೆ. ಎರಡೂ ಬೆಚ್ಚಗಾಗದೆ, ಎಂಜಿನ್ ಉಷ್ಣತೆಯ ಮೀಟರ್ ಮುಳ್ಳೂ ಮೇಲೇರದಿದ್ದರೆ, ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವಾದ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು ಕಂಡರೆ ಹೀಟರ್ ಕಾಯಿಲ್‌ನಿಂದ ಕೂಲಂಟ್ ಸೋರುತ್ತಿದೆ. ಇದನ್ನು ಮುಂದೂಡಬೇಡಿ, ಕೂಲಂಟ್ ಖಾಲಿಯಾದರೆ ಎಂಜಿನ್ನೇ ಹೋಗುತ್ತದೆ.

ಗ್ಯಾಸ್ ಹಾಕಿಸಲೇಬೇಕಾದರೆ

ಬಾನೆಟ್ ಒಳಗಿನ ಸ್ಟಿಕ್ಕರ್ ಫೋಟೊ ತೆಗೆದುಕೊಳ್ಳಿ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಅದರಲ್ಲಿರುತ್ತದೆ. ಸಣ್ಣ ಕಾರಿಗೆ ಅರ್ಧ ಕೇಜಿ ಆಸುಪಾಸು. ಜಾಸ್ತಿ ಹಾಕಿದರೆ ಜಾಸ್ತಿ ತಣ್ಣಗಾಗುವುದಿಲ್ಲ, ಒತ್ತಡ ಏರಿ ತಂಪು ಕಡಿಮೆಯೇ ಆಗುತ್ತದೆ. ಆರ್-134ಎ ಜಾಗಕ್ಕೆ ಕೆಲವು ಹೊಸ ಕಾರುಗಳ ಗ್ಯಾಸಾದ ಆರ್-1234ವೈಎಫ್ ಬೆರೆಸುವಂತಿಲ್ಲ. ಅಗ್ಗಕ್ಕೆ ಸಿಗುವ ಎಲ್‌ಪಿಜಿ ಜಾತಿಯ ಗ್ಯಾಸ್ ಹಾಕಿಸಿದರೆ ಅದು ಸೋರಿದಾಗ ಕ್ಯಾಬಿನ್ನಿನೊಳಗೇ ಬೆಂಕಿಯ ಅಪಾಯ. ಪೈಪು ಬಿಚ್ಚಿದ್ದರೆ ಒಳಗಿನ ತೇವ ಹೀರುವ ಡ್ರೈಯರ್ ಹೊಸದಾಗಬೇಕು, ತುಂಬುವ ಮೊದಲು ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಬೇಕು, ಅಂದರೆ ಪಂಪಿನಿಂದ ಪೈಪಿನೊಳಗಿನ ಗಾಳಿ, ತೇವ ತೆಗೆಯಬೇಕು.

ಗ್ಯಾಸ್ ತೆಗೆದು ತುಂಬುವ ಮಷಿನ್ ಇರುವ ಕಡೆ ಹೋದರೆ ಹಳೆಯ ಗ್ಯಾಸನ್ನು ತೂಕ ಮಾಡಿ ತೆಗೆಯುತ್ತಾರೆ. ಎಷ್ಟು ಗ್ರಾಂ ತೆಗೆದರು, ಎಷ್ಟು ಹಾಕಿದರು, ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸ್ಟಿಕ್ಕರಿನಲ್ಲಿ 450 ಇದ್ದು ಹೊರಬಂದದ್ದು 430 ಆಗಿದ್ದರೆ ಗ್ಯಾಸ್ ಕಾರಣವಲ್ಲ, ಎರಡನೇ ಹಂತದಿಂದ ಮತ್ತೆ ಶುರುಮಾಡಿ. 180 ಬಂದಿದ್ದರೆ ಉಳಿದ 270 ಎಲ್ಲಿಂದ ಹೋಯಿತು ಎಂದು ತೋರಿಸುವ ತನಕ ತುಂಬಿಸಲು ಒಪ್ಪಬೇಡಿ.